ಕೊಡೆಯಜ್ಜಿಯ ಕೊನೆಯ ಸುತ್ತು

ಮೂರನೆಯ ಹಲ್ಲು ಕೂದಲೆಳೆಯಷ್ಟು ಎಡಕ್ಕೆ ವಾಲಿದೆ, ಕೋರೆಹಲ್ಲು, ಬೇರೆ ಯಾರಿಗೂ ಕಾಣುವುದಿಲ್ಲ, ಹಾಕಿಕೊಂಡು ಓಡಾಡುವವರಿಗೂ ಕಾಣುವುದಿಲ್ಲ, ನನಗೆ ಕಾಣುತ್ತದೆ, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ ಬುಡಕ್ಕೆ ಮುಟ್ಟಿಸಿದರೆ ಗುಲಾಬಿ ಮೇಣ ಬೆವರುತ್ತದೆ, ಹಲ್ಲು ಸಡಿಲಾಗುತ್ತದೆ, ಬೆರಳ ತುದಿಯಿಂದ ತಳ್ಳು, ಹಾಂ, ಅಷ್ಟೇ, ಇನ್ನು ಆರುವ ತನಕ ಕೈ ಅಲುಗಬಾರದು — ಪಕ್ಕದಲ್ಲಿ ಫೋನ್ ಬೆಳಗಿತು. ನೋಡಬೇಡ. ನೋಡಿದೆ. ಇಂದು ಮಧ್ಯಾಹ್ನ ಎರಡು ಗಂಟೆಗೆ ಈ ಆಟದ ಸರ್ವರುಗಳು ಶಾಶ್ವತವಾಗಿ ನಿಲ್ಲುತ್ತವೆ, ಇಷ್ಟು ದಿನ ಜೊತೆಗಿದ್ದ ಎಲ್ಲ ಹೋರಾಟಗಾರರಿಗೆ ಧನ್ಯವಾದ. ಹೋರಾಟಗಾರರಂತೆ. ಒಂದು ತಿಂಗಳಿಂದ ಇದೇ ಸೂಚನೆ, ದಿನ ಮಾತ್ರ ಕಡಿಮೆಯಾಗುತ್ತ ಬಂತು, ಮೂವತ್ತು, ಹತ್ತೊಂಬತ್ತು, ಆರು, ಇವತ್ತು ದಿನವೇ ಇಲ್ಲ, ಗಂಟೆ ಮಾತ್ರ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಐವತ್ತು. ಒಂದೂಕಾಲಕ್ಕೆ ಅಕ್ಕ ಬರುತ್ತಾಳೆ, ಮೂರು ವರ್ಷದಿಂದ ಒಂದೂಕಾಲಕ್ಕೇ ಬರುತ್ತಾಳೆ, ನಾನೂ ಒಂದೂಕಾಲಕ್ಕೇ ಬರುತ್ತೇನೆ, ಊಟದ ಡಬ್ಬಿ ಮುಚ್ಚಿಟ್ಟು ಫೋನ್ ಅಡ್ಡ ಹಿಡಿಯುತ್ತೇನೆ, ಮೂರು ಆಟ ಆಡುತ್ತೇವೆ, ಒಬ್ಬರ ಮುಖವನ್ನೊಬ್ಬರು ಗುದ್ದುತ್ತೇವೆ, ಹೋಗುತ್ತೇವೆ, ಮಾತಿಲ್ಲ. ಪಾಲಿಶ್ ಚಕ್ರದ ಮುಂದೆ ಕೂತವಳು ಮುಖದ ಬಟ್ಟೆ ಗದ್ದಕ್ಕಿಳಿಸಿ ಕೇಳುತ್ತಾಳೆ, ಏನ್ರೀ, ನಿಮ್ಮ ಆಟ ಸಾಯೋದು ಇವತ್ತೇನಾ. ಹೂಂ ಅನ್ನುತ್ತೇನೆ. ಹೋಗ್ಲಿ ಬಿಡಿ, ಒಂದು ಉದುರಿದ್ರೆ ಇನ್ನೊಂದು ಕೂರಿಸೋದು ತಾನೆ ನಮ್ಮ ಕೆಲಸ ಅನ್ನುತ್ತಾಳೆ, ನಗುತ್ತಾಳೆ, ಒಳ್ಳೆಯವಳು, ಆ ಆಟದೊಳಗೆ ನನ್ನ ಒಡಹುಟ್ಟಿದವಳು ಇದ್ದಾಳೆ ಎಂದು ಅವಳಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಎದುರಿನ ಪ್ಲಾಸ್ಟರ್ ದವಡೆ ಬಾಯಿ ತೆರೆದುಕೊಂಡು ಕೂತಿದೆ, ಯಾರೋ ಮುದುಕರದ್ದು, ಅವರ ಕಟ್ಟುಹಲ್ಲಿನ ಸೆಟ್ ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರಲ್ಲಿಗೆ ಹೋಗಬೇಕು, ಕೆಳಗಿನ ಸಾಲು ಇನ್ನೂ ಬಾಕಿ.

ಆ ಆಟಕ್ಕೆ ಉದ್ದದ ಹೆಸರೊಂದಿತ್ತು, ನಮಗೆ ನಾಲಿಗೆ ತಿರುಗುತ್ತಿರಲಿಲ್ಲ, ನಾವು ಅದನ್ನು ಗುದ್ದಾಟ ಅನ್ನುತ್ತಿದ್ದೆವು, ಮೊದಲನೆಯ ಗುದ್ದಾಟ, ಎರಡನೆಯ ಗುದ್ದಾಟ, ಹೀಗೆ ಹತ್ತನೆಯದರ ತನಕ ಬಂತಂತೆ, ಫೋನಿನದು ಆ ವಂಶದಲ್ಲಿ ಎಲ್ಲೋ ಬದಿಗೆ ಹುಟ್ಟಿದ ಕೂಸು, ಅದನ್ನೇ ಈಗ ಮುಚ್ಚುತ್ತಿರುವುದು. ಮೊದಲನೆಯದು ಅಪ್ಪ ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿತ್ತು. ಉದ್ದ ಕೋಣೆ, ಎರಡೂ ಗೋಡೆಗೆ ಬೆನ್ನು ಕೊಟ್ಟು ನಿಂತ ಆಟದ ಮೆಷಿನ್ನುಗಳು, ಬೀರುವಿನಷ್ಟು ಎತ್ತರ, ನಾಣ್ಯ ಹಾಕಿದರೆ ಎಚ್ಚರವಾಗುತ್ತವೆ, ಅಪ್ಪ ಅವುಗಳ ಮಿಸ್ತ್ರಿ, ಸವೆದ ಗುಂಡಿ ಬದಲಿಸುವುದು, ಮುರಿದ ಹಿಡಿಕೆ ಕೂರಿಸುವುದು, ಕಡಿದ ತಂತಿಗೆ ಬೆಸುಗೆ ಹಾಕುವುದು, ಅಂಗಿಗೆ ಯಾವಾಗಲೂ ಬೆಸುಗೆಯ ಹೊಗೆ ವಾಸನೆ. ಅಂಗಡಿ ತೆರೆಯುವುದಕ್ಕೆ ಒಂದು ಗಂಟೆ ಮೊದಲು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, ಹಿಂದಿನ ಬಾಗಿಲು ತೆಗೆದು ಒಳಗೆ ಕೈ ಹಾಕಿ ಏನನ್ನೋ ಒತ್ತುತ್ತಿದ್ದ, ಮೆಷಿನ್ ಎದ್ದು ಕೂರುತ್ತಿತ್ತು, ಬನ್ರೇ, ಗುಂಡಿ ಸರಿಯಾಗಿದ್ಯಾ ಹೊಡೆದಾಡಿ ಹೇಳಿ ಅನ್ನುತ್ತಿದ್ದ. ಮಕ್ಕಳಿಗೆ ಹೊಡೆದಾಡಿ ಎಂದು ಹೇಳುವ ಅಪ್ಪ ಎಲ್ಲಿ ಸಿಗುತ್ತಾನೆ. ನಾನು ಕಟುಕನನ್ನು ಆರಿಸುತ್ತಿದ್ದೆ, ರಕ್ತದ ಏಪ್ರನ್ನಿನ ದಪ್ಪ ಮನುಷ್ಯ, ಒಂದೇಟು ಬಿದ್ದರೆ ಸಾಕು. ಅಕ್ಕ ಆರಿಸುತ್ತಿದ್ದುದು ಯಾರಿಗೂ ಬೇಡವಾದ ಮುದುಕಿಯನ್ನು, ಬೆನ್ನು ಬಾಗಿದವಳು, ಕೈಯಲ್ಲಿ ಕರಿ ಕೊಡೆ, ಅವಳಿಗೂ ಪರದೆಯ ಮೇಲೆ ಬೇರೇನೋ ಹೆಸರಿತ್ತು, ನಾವಿಬ್ಬರೇ ಇಟ್ಟ ಹೆಸರು ಕೊಡೆಯಜ್ಜಿ. ಕೊಡೆಯಜ್ಜಿ ಹಾರಿ ಆಕಾಶದಲ್ಲಿ ಕೊಡೆ ಬಿಚ್ಚಿ ತೇಲುತ್ತ ತೇಲುತ್ತ ಇಳಿಯುತ್ತಿದ್ದಳು, ಎಲ್ಲಿ ಇಳಿಯುತ್ತಾಳೆ ಗೊತ್ತಾಗದೆ ನನ್ನ ಕಟುಕ ಗಾಳಿಯನ್ನು ಗುದ್ದುತ್ತಿದ್ದ, ಅಷ್ಟರಲ್ಲಿ ಕೊಡೆಯ ಹಿಡಿ ಕಟುಕನ ಕುತ್ತಿಗೆಗೆ, ಮುಗೀತು. ಅಕ್ಕನ ಬಲಗೈ, ಮೂರು ಬೆರಳು ಮೂರು ಗುಂಡಿಯ ಮೇಲೆ, ಕಣ್ಣಿಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಹತ್ತರಲ್ಲಿ ಒಂಬತ್ತು ಅವಳದ್ದು. ಹತ್ತನೆಯದು ನಾನು ಅಳುವ ಹಾಗೆ ಕಂಡರೆ ಬಿಟ್ಟುಕೊಡುತ್ತಿದ್ದಳು, ಅದು ನನಗೆ ಗೊತ್ತಾಗುತ್ತಿತ್ತು, ಸೋತದ್ದಕ್ಕಿಂತ ಹೆಚ್ಚು ಉರಿಯುತ್ತಿತ್ತು, ಒಮ್ಮೆ ಅವಳ ಮುಂಗೈ ಕಚ್ಚಿದ್ದೆ, ಹಲ್ಲು ಮೂಡುವ ಹಾಗೆ. ಮೊಂಡಿ, ಗೆದ್ದಿದ್ದಕ್ಕೆ ಕಚ್ತಾರೇನೇ ಅಂದಿದ್ದಳು ಅಕ್ಕ, ಅಳುತ್ತ ನಗುತ್ತ. ಅಪ್ಪ ಬೆಸುಗೆ ಕಡ್ಡಿ ಕೆಳಗಿಟ್ಟು ಹೇಳಿದ್ದು ಅವಳಿಗೆ, ನನಗಲ್ಲ, ಸೋಲೋದಾದ್ರೆ ಗೆಲ್ಲೋಕೆ ನೋಡಿ ಸೋಲ್ಬೇಕು ಮಗಳೇ, ಬೇಕಂತ ಸೋತ್ರೆ ಎದುರಿಗಿರೋರಿಗೆ ಅವಮಾನ.

ಅಪ್ಪ. ಅಪ್ಪನನ್ನು ನೆನೆದರೆ ಅಂಗಡಿಯಲ್ಲಿ ನಿಲ್ಲಲು ಮನಸ್ಸು ಬಿಡುವುದಿಲ್ಲ, ಜಾರಿ ಆಸ್ಪತ್ರೆಯ ಎರಡನೆಯ ಮಹಡಿಗೆ ಬಂದುಬಿಡುತ್ತದೆ, ಬಾಯೊಳಗೆ ಕೊಳವೆ, ಮೂಗಿನ ಮೇಲೆ ಪಟ್ಟಿ, ಪಕ್ಕದಲ್ಲಿ ಉಸಿರಾಡುವ ಮೆಷಿನ್ — ಜೀವಮಾನವೆಲ್ಲ ಮೆಷಿನ್ನಿಗೆ ಜೀವ ಕೊಟ್ಟವನಿಗೆ ಈಗ ಮೆಷಿನ್ನೇ ಜೀವ ಕೊಡಬೇಕು — ಅದರ ಸದ್ದು, ಎಳೆಯುವುದು, ಟಕ್ ಎನ್ನುವುದು, ಬಿಡುವುದು, ಹನ್ನೊಂದು ದಿನ ಕೇಳಿದೆ, ಹೆಚ್ಚು ದಿನ ನಾನೊಬ್ಬಳೇ. ಅಕ್ಕ ದೂರದ ಊರಿನಲ್ಲಿ, ಬಂದು ಮೂರು ದಿನ ಇದ್ದು ಹೋಗಿದ್ದಳು, ಕೊನೆಯ ದಿನ ಮತ್ತೆ ಹೊರಟಿದ್ದಳು, ದಾರಿಯಲ್ಲಿದ್ದಳು. ಡಾಕ್ಟರು ಹೇಳಿದರು, ಇನ್ನು ವಾಪಸ್ ಬರೋ ಹಾಗಿಲ್ಲ, ಮೆಷಿನ್ ತೆಗೆಯೋದಾದ್ರೆ ಮನೆಯವರು ಸಹಿ ಹಾಕ್ಬೇಕು, ಅವಸರ ಏನಿಲ್ಲ, ಸಂಜೆವರೆಗೂ ಯೋಚನೆ ಮಾಡಿ. ಸಂಜೆವರೆಗೂ. ಆ ಮಾತು ನನ್ನ ಕಿವಿಗೆ ಬಿತ್ತು. ಬೆಳಗ್ಗೆ ಹನ್ನೊಂದಕ್ಕೆ ಸಹಿ ಹಾಕಿದೆ. ಅಕ್ಕ ಫೋನ್ ಮಾಡಿ ಬಸ್ ಕೆಟ್ಟು ನಿಂತಿದೆ, ಬೇರೆ ಬಸ್ ಹತ್ತಿದೀನಿ, ಒಂದೂವರೆಗೆ ಬಂದ್ಬಿಡ್ತೀನಿ ಅಂದಿದ್ದಳು, ಆಯ್ತು ಅಂದಿದ್ದೆ, ಆಯ್ತು ಅಂದವಳು ಕೊಠಡಿಗೆ ಹೋಗಿ ಕೂತೆ, ಎಳೆಯುವುದು, ಟಕ್, ಬಿಡುವುದು, ಎಳೆಯುವುದು, ಟಕ್, ಎದ್ದು ಹೋಗಿ ಸಹಿ ಹಾಕಿದೆ. ಏಕೆ ಎಂದು ಎಷ್ಟು ಜನ ಕೇಳಿದರು, ಡಾಕ್ಟರೇ ಕಾಯೋ ಹಾಗಿಲ್ಲ ಅಂದ್ರು ಎಂದು ಹೇಳಿದೆ, ಎಲ್ಲರೂ ನಂಬಿದರು, ಅಕ್ಕ ನಂಬಲಿಲ್ಲ, ನೇರವಾಗಿ ಡಾಕ್ಟರ ಬಾಗಿಲಿಗೆ ಹೋದಳು. ಹಿಂತಿರುಗಿ ಬಂದಾಗ ಕೂಗಾಡಲಿಲ್ಲ. ಅವಳ ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಎರಡೂವರೆ ಗಂಟೆ ಕಾಯೋಕಾಗ್ಲಿಲ್ವಾ ನಿನಗೆ, ಅಂದಳು. ಅದೊಂದೇ ಮಾತು. ಆ ಸದ್ದನ್ನು ಇನ್ನೊಂದು ಗಳಿಗೆ ಕೇಳಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು ಅಕ್ಕ ಎಂದು ಹೇಳಬೇಕಿತ್ತು, ನಾಲಿಗೆಯ ತುದಿಯಲ್ಲೇ ಇತ್ತು, ಬದಲಿಗೆ ಬಾಯಿಗೆ ಬಂದದ್ದು, ಹನ್ನೊಂದು ದಿನ ಎಲ್ಲಿ ಹೋಗಿದ್ದೆ ನೀನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪನನ್ನು ಮಣ್ಣಿಗಿಟ್ಟು ಬಂದ ಮೇಲೆ ಅವಳು ನಂಬರು ಬದಲಿಸಿದಳು, ಊರೂ ಬದಲಿಸಿದಳಂತೆ, ನಾನೂ ನಂಬರು ಬದಲಿಸಿದೆ, ಯಾಕೆ ಬದಲಿಸಿದೆ, ಅವಳು ಬದಲಿಸಿದಳಲ್ಲ ಅದಕ್ಕೆ. ಚಿಕ್ಕಪ್ಪನನ್ನು ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ.

ಆಮೇಲೆ ಒಂದು ವರ್ಷ ಕಳೆದು ಯಾವುದೋ ಜಾಹೀರಾತಿನಲ್ಲಿ ಕಟುಕನ ಮುಖ ಕಂಡಿತು, ನಮ್ಮ ಗುದ್ದಾಟ ಈಗ ಅಂಗೈಗೇ ಬಂದಿದೆಯಂತೆ, ಹಾಕಿಕೊಂಡೆ, ಪರದೆಯ ಎಡಗಡೆ ಹೆಬ್ಬೆರಳಿಟ್ಟರೆ ನಡೆಯುತ್ತಾನೆ, ಬಲಗಡೆ ಒತ್ತಿದರೆ ಹೊಡೆಯುತ್ತಾನೆ, ಗುಂಡಿ ಇಲ್ಲ, ಬರೀ ಗಾಜು, ಅಪ್ಪ ನೋಡಿದ್ದರೆ ಇದಕ್ಕೆ ಮಿಸ್ತ್ರಿ ಏನು ಮಾಡೋದಮ್ಮ ಅನ್ನುತ್ತಿದ್ದ. ಎರಡು ವಾರ ಯಾರು ಯಾರನ್ನೋ ಹೊಡೆದೆ, ಯಾರು ಯಾರಿಂದಲೋ ಹೊಡೆಸಿಕೊಂಡೆ, ಒಂದು ದಿನ ಊಟದ ಹೊತ್ತಿಗೆ ಎದುರಾಳಿಯ ಹೆಸರು ಮೇಲೆ ಮೂಡಿತು — ಕೊಡೆಯಜ್ಜಿ. ನಾವಿಬ್ಬರೇ ಇಟ್ಟ ಹೆಸರು. ಲೋಕದಲ್ಲಿ ಆ ಪದ ಗೊತ್ತಿದ್ದದ್ದು ಮೂವರಿಗೆ, ಒಬ್ಬ ಮಣ್ಣಿನೊಳಗೆ. ನನ್ನ ಹೆಸರು ಅಲ್ಲಿ ಮೊಂಡಿ ಎಂದೇ ಇತ್ತು. ಇಬ್ಬರೂ ಒಂದು ಸುತ್ತು ಸುಮ್ಮನೆ ನಿಂತಿದ್ದೆವು, ಗಡಿಯಾರ ಓಡಿ ಓಡಿ ಮುಗಿಯಿತು, ಎರಡನೆಯ ಸುತ್ತಿನಲ್ಲಿ ಅವಳು ಹಾರಿದಳು, ಕೊಡೆ ಬಿಚ್ಚಿದಳು, ತೇಲಿದಳು, ನನ್ನ ಕುತ್ತಿಗೆಗೆ ಹಿಡಿ ಹಾಕಿ ಎಳೆದು ಬಿಸಾಡಿದಳು, ನಾನು ಈ ಕೋಣೆಯಲ್ಲಿ, ಇದೇ ಮೇಜಿನ ಮುಂದೆ, ಪ್ಲಾಸ್ಟರ್ ಪುಡಿ ಮೆತ್ತಿದ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಮರುದಿನ ಅದೇ ಹೊತ್ತಿಗೆ ಬಂದಳು. ಅದರ ಮರುದಿನವೂ. ಆ ಹೊತ್ತಿನಲ್ಲಿ ಆಡುವವರು ವಿರಳ, ಆಟ ನಮ್ಮಿಬ್ಬರನ್ನೇ ಎದುರೆದುರು ನಿಲ್ಲಿಸುತ್ತಿತ್ತು. ಆ ಆಟದಲ್ಲಿ ನಮಗೆ ಬೇಕಾದ್ದನ್ನು ಬರೆಯಲು ಬರುವುದಿಲ್ಲ, ಸಿದ್ಧವಾಗಿಟ್ಟ ಆರೇ ಮಾತು, ಒತ್ತಿದರೆ ಹೋಗುತ್ತದೆ, ನಮಸ್ಕಾರ, ಶುರುಮಾಡೋಣ, ಚೆನ್ನಾಗಿ ಆಡಿದೆ, ಇನ್ನೊಂದು ಆಟ, ಹೋಗಿಬರುತ್ತೇನೆ, ಇಷ್ಟೇನಾ. ತಪ್ಪಾಯಿತು ಎನ್ನುವುದು ಅದರಲ್ಲಿಲ್ಲ. ಎರಡು ವರ್ಷಕ್ಕೂ ಮೇಲೆ ಆ ಆರು ಮಾತಿನಲ್ಲೇ ಅಕ್ಕತಂಗಿತನ ನಡೆಸಿದೆವು, ಜ್ವರ ಬಂದು ಒಂದು ದಿನ ತಪ್ಪಿದರೆ ಮರುದಿನ ಅವಳು ನಮಸ್ಕಾರವನ್ನು ನಾಲ್ಕು ಸಲ ಒತ್ತುತ್ತಿದ್ದಳು, ಎಲ್ಲಿ ಹೋಗಿದ್ದೆಯೇ ಎಂದು ಅರ್ಥ.

ಏಳು ತಿಂಗಳ ಹಿಂದೆ ಮೂರು ವಾರ ಅವಳು ಬರಲೇ ಇಲ್ಲ. ನಾನು ಒಂದೂಕಾಲಕ್ಕೆ ಕೂತು ಕೂತು ಎದ್ದೆ. ಅಪ್ಪ ಸತ್ತ ದಿನ ಆ ತಿಂಗಳಲ್ಲೇ ಇತ್ತು, ಅದನ್ನೇ ನೆನೆಸಿಕೊಂಡು ಮತ್ತೆ ಮುನಿದಿದ್ದಾಳೆ ಎಂದುಕೊಂಡೆ. ತಿರುಗಿ ಬಂದಾಗ ಅವಳ ಆಟ ಬೇರೆಯಾಗಿತ್ತು. ಹಾರುವುದಿಲ್ಲ, ಕೊಡೆ ಬಿಚ್ಚುವುದಿಲ್ಲ, ಹಿಂದೆ ಹೋಗುತ್ತಾಳೆ, ಮುಂದೆ ಬರುತ್ತಾಳೆ, ನಿಲ್ಲುತ್ತಾಳೆ, ನಿಂತ ಮೇಲೆ ಎಷ್ಟೋ ಹೊತ್ತಿಗೆ ಒಂದು ಹೊಡೆತ, ನಡೆಯುವಾಗ ಹೊಡೆಯುವುದಿಲ್ಲ, ಹೊಡೆಯುವಾಗ ನಡೆಯುವುದಿಲ್ಲ. ಮೊದಲ ದಿನ ಗೆದ್ದೆ. ಎರಡನೆಯ ದಿನ ಗೆದ್ದೆ. ಒಂದು ವಾರ ಪೂರ್ತಿ ಗೆದ್ದ ಮೇಲೆ ಮೈ ಉರಿಯತೊಡಗಿತು, ಬಿಟ್ಟುಕೊಡುತ್ತಿದ್ದಾಳೆ, ಬೇಕಂತ ಸೋಲುತ್ತಿದ್ದಾಳೆ, ನಾನು ಅಳುವ ಹಾಗೆ ಕಂಡೆನೇನೋ ಅವಳಿಗೆ, ನನ್ನ ಮೇಲೆ ಕನಿಕರವೋ, ಇಲ್ಲ ನಿನ್ನ ಜೊತೆ ಮನಸ್ಸಿಟ್ಟು ಆಡುವುದಕ್ಕೂ ನೀನು ಲಾಯಕ್ಕಿಲ್ಲ ಎಂದು ತೋರಿಸುವುದೋ. ಅಪ್ಪ ಅಂದದ್ದು ಮರೆತೆಯಾ. ಎದುರಿಗಿರೋರಿಗೆ ಅವಮಾನ. ಹಾಗಾದರೆ ತಗೋ ಎಂದು ಹೊಡೆದೆ. ಒಂದು ಏಟೂ ತಿನ್ನದೆ ಗೆದ್ದರೆ ಪರದೆಯ ಮೇಲೆ ಬಂಗಾರದ ಅಕ್ಷರ ಬರುತ್ತದೆ, ದಿನಾ ಅದನ್ನು ತರಿಸಿದೆ, ಮೂಲೆಗೆ ಒತ್ತಿ ಹಿಡಿದು, ಏಳಲು ಬಿಡದೆ, ಬಿದ್ದವರಿಗೊಂದು ಗುದ್ದು ಅನ್ನುತ್ತಾರಲ್ಲ ಹಾಗೆ, ಪ್ರತಿ ಸಲ ಕೊನೆಗೆ ಒತ್ತಿದ್ದು ಆರನೆಯ ಮಾತು, ಇಷ್ಟೇನಾ. ಏಳು ತಿಂಗಳು. ದಿನಕ್ಕೆ ಮೂರು ಸಲ. ಅವಳು ತಿರುಗಿ ಒತ್ತುತ್ತಿದ್ದುದು ಒಂದೇ, ಚೆನ್ನಾಗಿ ಆಡಿದೆ. ಅದು ನನಗೆ ವ್ಯಂಗ್ಯ ಎಂದು ಕಂಡಿತು.

ಒಂದೂ ಹನ್ನೆರಡು. ಡಬ್ಬಿ ತೆರೆಯಲೇ ಇಲ್ಲ. ಇವತ್ತು ಏನಾದರೂ ಮಾಡಬೇಕು, ಎರಡು ಗಂಟೆಗೆ ಈ ಬಾಗಿಲೂ ಮುಚ್ಚಿದರೆ ಅವಳು ಯಾವ ಊರಿನಲ್ಲಿದ್ದಾಳೋ ನಾನು ಯಾವ ಊರಿನಲ್ಲಿದ್ದೇನೋ, ಆರು ಮಾತಿನಲ್ಲಿ ನಂಬರು ಹೇಳುವುದು ಹೇಗೆ — ನಿನ್ನೆ ಬಸ್ಸಿನಲ್ಲಿ ಹೊಳೆದದ್ದು, ಹೆಸರು. ಹೆಸರು ಬದಲಿಸಬಹುದು. ಮೊಂಡಿ ಎನ್ನುವುದನ್ನು ಅಳಿಸಿ ಆ ಜಾಗದಲ್ಲಿ ಫೋನ್ ನಂಬರು ಹಾಕಿದರೆ ಆಟದುದ್ದಕ್ಕೂ ಅವಳ ಪರದೆಯ ಮೇಲೆ ಇರುತ್ತದೆ, ಹತ್ತು ಅಂಕಿ, ಹಿಡಿಸುತ್ತದೆ. ಹಾಕಿದೆ. ಅಳಿಸಿದೆ. ಮತ್ತೆ ಹಾಕಿದೆ. ಅವಳು ಕರೆಯದಿದ್ದರೆ, ನೋಡಿಯೂ ಕರೆಯದಿದ್ದರೆ, ಆಗ ಇಷ್ಟು ದಿನದ ಆಟವೂ ಸುಳ್ಳಾಗುತ್ತದೆಯಲ್ಲ, ಗೊತ್ತಿಲ್ಲದೆ ಇರುವುದೇ ವಾಸಿಯಲ್ಲವೇ — ಪಾಲಿಶ್ ಮಾಡುವವಳು ಊಟಕ್ಕೆ ಎದ್ದಳು, ಚಕ್ರ ನಿಂತಿತು, ಕೋಣೆ ಒಮ್ಮೆಗೇ ಖಾಲಿಯಾಯಿತು. ಇರಲಿ ಎಂದು ಬಿಟ್ಟೆ. ಒಂದೂಕಾಲು. ಕೊಡೆಯಜ್ಜಿ. ಬಂದಳು. ನಮಸ್ಕಾರ ಒತ್ತಿದೆ, ನಮಸ್ಕಾರ ಬಂತು. ಶುರುವಾಯಿತು. ಕಟುಕ ಎಡಕ್ಕೆ, ಅಜ್ಜಿ ಬಲಕ್ಕೆ, ನನ್ನ ತಲೆಯ ಮೇಲೆ ಹತ್ತು ಅಂಕಿ. ಅಜ್ಜಿ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ನಿಂತೇ ಇದ್ದಳು. ನೋಡುತ್ತಿದ್ದಾಳೆ, ಓದುತ್ತಿದ್ದಾಳೆ, ಈಗ ಏನಾದರೂ ಮಾಡುತ್ತಾಳೆ, ಹಾರುತ್ತಾಳೆ, ಒಂದು ಮಾತು ಒತ್ತುತ್ತಾಳೆ — ಇಲ್ಲ. ಹತ್ತು ಸೆಕೆಂಡು. ಹದಿನೈದು. ಅಲುಗಲಿಲ್ಲ. ಬೇಡವಂತೆ, ನನ್ನ ನಂಬರು ಬೇಡವಂತೆ, ಗೋಡೆ ಹಾಗೆ ನಿಂತು ಹೇಳುತ್ತಿದ್ದಾಳೆ, ಕೊನೆಯ ದಿನವೂ ಆಡಲು ಮನಸ್ಸಿಲ್ಲ. ನನಗೆ ಏನು ಬಂತೋ. ಎರಡೂವರೆ ಗಂಟೆ ಕಾಯಲಾರದವಳು ಇಪ್ಪತ್ತು ಸೆಕೆಂಡು ಕಾಯುತ್ತಾಳೆಯೇ. ಹೊಡೆದೆ. ನಿಂತವಳನ್ನು ಹೊಡೆದೆ, ಬಿದ್ದಳು, ತಾನಾಗಿ ಎದ್ದು ನಿಂತಳು, ಮತ್ತೆ ಹೊಡೆದೆ, ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತು, ಅದೇ, ಕೊಡೆ ಊರಿಕೊಂಡು ನಿಂತಿದ್ದಾಳೆ, ಅವಳ ಜೀವದ ಹಸಿರು ಪಟ್ಟಿ ಕರಗಿ ಕರಗಿ ಕೆಂಪಾಗಿ ದಾರದಷ್ಟಾಯಿತು, ಆಗ, ಆ ಕೊನೆಯಲ್ಲಿ, ಅಜ್ಜಿ ಅಲುಗಿದಳು, ಮುಂದಕ್ಕೆ ಒಂದು ಹೆಜ್ಜೆ ಇಟ್ಟಳು. ಕಟುಕನ ಮೊಣಕೈ ಅಷ್ಟರಲ್ಲೇ ಇಳಿದಿತ್ತು. ಬಂಗಾರದ ಅಕ್ಷರ. ಇಷ್ಟೇನಾ ಒತ್ತಿದೆ. ಉತ್ತರ ಬರುವ ಮೊದಲೇ ಆಟ ಮುಚ್ಚಿ ಫೋನನ್ನು ಬೋರಲು ಹಾಕಿದೆ, ಉಳಿದೆರಡು ಆಟ ಆಡಲಿಲ್ಲ, ಕೆಳಸಾಲಿನ ಹಲ್ಲು ಜೋಡಿಸಲು ಕೂತೆ, ಕೈ ಎಷ್ಟು ಸ್ಥಿರವಾಗಿತ್ತು ಎಂದರೆ ನನಗೇ ಅಚ್ಚರಿ, ಒಂದೂ ವಾಲಲಿಲ್ಲ.

ಎರಡು ಗಂಟೆ ಆದದ್ದು ನೋಡಿದೆ. ಏನೂ ಆಗಲಿಲ್ಲ, ಗಡಿಯಾರದ ಮುಳ್ಳು ಎರಡರ ಮೇಲೆ ಬಂತು, ದಾಟಿತು. ಎರಡೂ ಇಪ್ಪತ್ತಕ್ಕೆ ಫೋನ್ ಬಂತು, ಗೊತ್ತಿಲ್ಲದ ನಂಬರು, ಹಲೋ ಅಂದೆ, ಗಂಡು ದನಿ, ಯಾರು, ಮೊಂಡಿನಾ ಅಂದಿತು. ಭಾವ. ಅಕ್ಕನ ಗಂಡ, ಮೊದಲೇ ಮೆಲುದನಿಯ ಮನುಷ್ಯ, ಈಗ ಇನ್ನೂ ಮೆಲ್ಲಗೆ, ಮೆಟ್ಟಿಲ ಮೇಲೆ ನಿಂತು ಮಾತಾಡ್ತಿದೀನಿ, ಅವಳಿಗೆ ಕೇಳಿಸ್ಬಾರ್ದು ಅಂತ, ಎರಡು ಕಡೆ ತಪ್ಪಿ ಹೋಯ್ತು, ಮೂರನೇ ಸಲ ನೀನು ಸಿಕ್ಕೆ, ಅದು ಏಳೋ ಒಂದೋ ಗೊತ್ತಾಗ್ಲಿಲ್ಲ. ಯಾವುದು ಏಳೋ ಒಂದೋ. ಬರೆದಿರೋದು. ಅವಳ ಕೈಬರಹ. ಅಕ್ಕನ ಕೈಬರಹ ಮುತ್ತು ಪೋಣಿಸಿದ ಹಾಗೆ, ನಾನು ಅಂದೆನೇನೋ, ಇಲ್ಲ ಅಂದುಕೊಂಡೆನೇನೋ, ನಿನಗೆ ಗೊತ್ತಿರೋಕೆ ಸಾಧ್ಯ ಇಲ್ಲ ಅಲ್ವಾ ಅಂದ ಭಾವ, ಏಳು ತಿಂಗಳಾಯ್ತಮ್ಮ, ತಲೇಲಿ ರಕ್ತ ಹೆಪ್ಪುಗಟ್ತು, ಬಲಗಡೆ ಪೂರ್ತಿ ಹೋಗಿದೆ, ಕೈ ಕಾಲು ಎರಡೂ, ಮಾತೂ ಇಲ್ಲ, ಹೂಂ ಅಂತಾಳೆ, ಊಹೂಂ ಅಂತಾಳೆ, ಅಷ್ಟೇ. ನಾನು ಕುರ್ಚಿ ಎಲ್ಲಿದೆ ಎಂದು ಹುಡುಕಿದೆ, ಅದರ ಮೇಲೇ ಕೂತಿದ್ದೆ. ಭಾವ ಹೇಳುತ್ತ ಹೋದ, ಎಷ್ಟು ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನೋ, ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಫೋನ್ ಬೇಕು ಅಂತ ಕೈ ತೋರ್ಸಿದ್ಲು, ದಿಂಬಿಗೆ ಆನಿಸಿ ಇಡ್ಬೇಕು, ಒಂದೂಕಾಲು ಅಂದ್ರೆ ಒಂದೂಕಾಲು, ಊಟ ಅರ್ಧಕ್ಕೆ ಬಿಡ್ತಾಳೆ, ಎಡಗೈ ಒಂದೇ ಅಲ್ವಾ, ಆ ಕಡೆ ಒತ್ತಿ ಆಮೇಲೆ ಈ ಕಡೆ ತಂದು ಒತ್ತೋದು, ದಿನಾ ಸೋಲ್ತಾಳೆ, ಆದ್ರೂ ಬೆವರೊರೆಸ್ಕೊಂಡು ಆಡ್ತಾಳೆ. ಗೆಲ್ಲಲು ನೋಡಿಯೇ ಸೋಲುತ್ತಿದ್ದಳು. ಅಯ್ಯೋ. ನನಗೆ ಒಂದು ಮಾತು ತಿಳಿಸಬಾರದಿತ್ತೇ ಭಾವ, ಚಿಕ್ಕಪ್ಪನಿಗಾದರೂ ಹೇಳಬಾರದಿತ್ತೇ ಎಂದೆ. ಕೇಳ್ದೆ, ನಿನ್ನ ಹೆಸರೆತ್ತಿದ್ರೆ ಊಹೂಂ ಅಂತ ತಲೆ ಅಲ್ಲಾಡಿಸ್ತಿದ್ಲು ಅಂದ. ಯಾಕೆ ಎಂದು ಕೇಳಲಿಲ್ಲ. ಹಾಸಿಗೆ ಹಿಡಿದವರ ಪಕ್ಕದಲ್ಲಿ ನಾನು ಬಂದು ಕೂತರೆ ಏನು ಮಾಡುತ್ತೇನೆ ಎಂದು ಅವಳಿಗೆ ಗೊತ್ತು, ಎಷ್ಟು ಹೊತ್ತು ಕಾಯುತ್ತೇನೆ ಎಂದೂ ಗೊತ್ತು.

ಇವತ್ತು ನಂಬರ್ ನೋಡಿದ ತಕ್ಷಣ ಒದ್ದಾಡಿಬಿಟ್ಲು, ಭಾವ ಹೇಳುತ್ತಿದ್ದಾನೆ, ಪೆನ್ಸಿಲ್ ಕೊಡು ಅಂತ ಕೈ ಬೀಸಿದ್ಲು, ಆಟ ಮುಗಿದ್ರೆ ನಂಬರ್ ಹೋಗ್ಬಿಡುತ್ತೆ ಅನ್ನೋ ಭಯ ನೋಡು, ನಾನು ಬರ್ಕೊಡ್ತೀನಿ ಅಂದ್ರೆ ನನ್ನ ಕೈ ತಳ್ಳಿದ್ಲು, ತಾನೇ ಬರೀಬೇಕು, ಎಡಗೈಲಿ ಒಂದಕ್ಷರ ಬರೆದವಳಲ್ಲ, ಫೋನ್ ದಿಂಬಿನ ಮೇಲೆ ಬಿಟ್ಲು, ಒಂದೊಂದೇ ಅಂಕಿ, ತಲೆ ಎತ್ತಿ ನೋಡೋದು ಬರೆಯೋದು, ತಲೆ ಎತ್ತಿ ನೋಡೋದು ಬರೆಯೋದು. ಬರೆದು ಮುಗ್ಸಿ ಫೋನ್ ಹಿಡಿದು ಒಂದು ಹೆಜ್ಜೆ ಇಡ್ಸೋದ್ರೊಳಗೆ ಆಟ ಮುಗಿದಿತ್ತು. ಅದೇನೋ ಇನ್ನೊಂದು ಆಟ ಅಂತ ಒತ್ತೋದಿದೆಯಲ್ಲ, ಅದನ್ನ ಒತ್ತಿದ್ಲು, ಎರಡು ಗಂಟೆವರೆಗೂ ಒತ್ತುತ್ತಾನೇ ಇದ್ಲು, ಆಮೇಲೆ ಪರದೆ ಕಪ್ಪಾಯ್ತು. ಆಮೇಲೆ ಭಾವ? ಆಮೇಲೆ ಆ ಚೀಟಿ ಮುದುರಿ ಕೆಳಗೆ ಹಾಕಿ ಗೋಡೆ ಕಡೆ ತಿರುಗಿ ಮಲಗಿದಾಳೆ. ನಾನು ಎತ್ಕೊಂಡು ಬಂದೆ. ನಾನೀಗಲೇ ಹೊರಡ್ತೀನಿ ಎಂದೆ, ಎದ್ದೇ ನಿಂತಿದ್ದೆ, ಮೇಣದ ಚಾಕು ಕೈಯಲ್ಲೇ ಇತ್ತು. ಬೇಡಮ್ಮ, ಇವತ್ತು ಬೇಡ ಎಂದ ಭಾವ, ಬೈಯುವ ದನಿಯಲ್ಲ, ಇವತ್ತು ಅವಳಿಗೆ ಆಗೋದಿಲ್ಲ, ನಾನು ಕೇಳಿ ನೋಡ್ತೀನಿ, ಹೂಂ ಅಂದ್ಲು ಅಂದ್ರೆ ಫೋನ್ ಮಾಡ್ತೀನಿ, ನೀನು ಕಾಯಿ. ಕಾಯ್ತೀನಿ ಭಾವ ಎಂದೆ. ಇಟ್ಟುಬಿಟ್ಟ. ಎಲ್ಲಿದ್ದಾರೆ ಎಂದು ಕೇಳಲೇ ಇಲ್ಲ. ಯಜಮಾನರು ಬಾಗಿಲಲ್ಲಿ ಇಣುಕಿ ನಾಲ್ಕು ಗಂಟೆ ಸೆಟ್ ಆಯ್ತೇನಮ್ಮ ಎಂದರು, ಆಯ್ತು ಸರ್ ಎಂದೆ, ಚಕ್ರ ಮತ್ತೆ ತಿರುಗತೊಡಗಿತು, ಪುಡಿ ಹಾರುತ್ತಿದೆ, ನಾನು ಕಾಯುತ್ತೇನೆ, ನಾಳೆಯೂ ಕಾಯುತ್ತೇನೆ, ಕಾಗದ ಜಾರಿರಬೇಕು, ಬಲಗೈ ಅದನ್ನು ಒತ್ತಿ ಹಿಡಿಯಲಾರದಲ್ಲ, ಮೊಣಕೈಯಲ್ಲಿ ಒತ್ತಿದಳೇ, ಗದ್ದದಲ್ಲಿ ಒತ್ತಿದಳೇ, ಹತ್ತು ಅಂಕಿ, ನಾಲ್ಕನೆಯದರ ಹೊತ್ತಿಗೆ ಕಟುಕನ ಮೊದಲ ಏಟು ಬಿದ್ದಿರಬೇಕು, ಅವಳು ತಲೆ ಎತ್ತಿದಾಗ ಅಜ್ಜಿ ಬೀಳುವುದನ್ನೂ ನೋಡಿದಳು, ಕಟುಕನ ತಲೆಯ ಮೇಲಿನ ಅಂಕಿಯನ್ನೂ ನೋಡಿದಳು, ಫೋನ್ ಹಿಡಿಯಲಿಲ್ಲ, ಬರೆದಳು, ಏಳು ಬರೆಯುವಾಗ ಕೈ ನಡುಗಿ ಒಂದರ ಹಾಗಾಯಿತು, ತಲೆ ಎತ್ತಿದಳು, ನಾನು ಹೊಡೆಯುತ್ತಿದ್ದೇನೆ, ತಗ್ಗಿಸಿದಳು, ಎಡಗೈ, ಪೆನ್ಸಿಲ್, ಎತ್ತಿದಳು, ಹೊಡೆಯುತ್ತಿದ್ದೇನೆ, ತಗ್ಗಿಸಿದಳು, ಎಡಗೈ, ಪೆನ್ಸಿಲ್, ಏಳು —